ಬಾತುಕೋಳಿಯ ಬಾತ ಕಾಲು

ಇಳಕಲ್ಲಿನ ಬಾಡಿಗೆ ಮನೆಗೆ ನಾವು ಬಂದಾಗ ಹಿತ್ತಲಲ್ಲಿ ಒಂದು ಜೋಡಿ ಬಾತುಕೋಳಿಗಳಿದ್ದವು. ವರ್ಗವಾಗಿ ಹೋದ ಹಿಂದಿನವರು ಗೋಡೆಯ ಮೊಳೆಗಳನ್ನೂ ಕಿತ್ತು ಒಯ್ದಿದ್ದರು, ಇವನ್ನು ಮಾತ್ರ ಬಿಟ್ಟಿದ್ದರು. ಆಗಲೇ ನನಗೆ ತಿಳಿಯಬೇಕಿತ್ತು. ಇಷ್ಟು ಹೊಲಸು, ಇಷ್ಟು ಸೊಕ್ಕಿನ ಜೀವವನ್ನು ನಾನು ಶಿಕ್ಷಕರ ಕೊಠಡಿಯಲ್ಲೂ ಕಂಡಿಲ್ಲ. ಕುಡಿಯುವ ನೀರಲ್ಲೇ ಕಾಲು ತೊಳೆಯುತ್ತವೆ, ಆ ನೀರನ್ನೇ ಕುಡಿಯುತ್ತವೆ, ಆಮೇಲೆ ಕೊಳಕರು ನಾವೇ ಎಂಬಂತೆ ನೋಡುತ್ತವೆ.

ಆದರೂ ಹೆಣ್ಣು ಕುಂಟತೊಡಗಿದ ದಿನ ನನಗೆ ಊಟ ಸೇರಲಿಲ್ಲ. ನನಗೆ ಊಟ ಸೇರದಿರಲು ದೊಡ್ಡ ಕಾರಣವೇ ಬೇಕೆಂದಿಲ್ಲ. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯುವುದು ತಡವಾದರೂ ಸಾಕು. ಆದರೆ ಇದರ ಎಡಗಾಲು ನಿಜಕ್ಕೂ ಬಾತು ಕೆಂಪಗಾಗಿತ್ತು.

ಸುದ್ದಿ ನಮ್ಮ ಶಾಲೆಯ ಪಿ.ಟಿ. ಮಾಸ್ತರರಿಗೆ ಮುಟ್ಟಿತು. ಗುಡೂರಿನವರು. ಆಸ್ತಿಯ ಮೇಲೆ ಕಣ್ಣಿಟ್ಟ ನೆಂಟರು ಹಾಸಿಗೆ ಹಿಡಿದ ಮುದುಕನನ್ನು ನೋಡಲು ಬರುವಂತೆ ದಿನಾ ಸಂಜೆ ಬಂದು, ಚಹಾ ಕುಡಿದು, ಬಾತುಕೋಳಿಯನ್ನು ಎತ್ತಿ ಎದೆ ಮುಟ್ಟಿ ನೋಡಿ ಹೋಗುತ್ತಿದ್ದರು.

"ನೀವು ತಿನ್ನಂಗಿಲ್ಲ, ಅದು ಉಳಿಯಂಗಿಲ್ಲ. ಸುಮ್ನ ಮಣ್ಣಾಗ ಯಾಕ ಹಾಕ್ತೀರಿ ಸರ? ನಮಗ ಕೊಡ್ರಿ."

ಅವರ ಮುಖದ ಮೇಲಿನ ಮರುಕವನ್ನು ಒಗ್ಗರಣೆಯ ವಾಸನೆಯಿಂದ ಬೇರ್ಪಡಿಸುವುದು ಕಷ್ಟವಿತ್ತು. ಅವರು ಹೋದ ಮೇಲೆ ಹೆಂಡತಿ ಖಂಡತುಂಡವಾಗಿ ಹೇಳಿದಳು: "ಡಾಕ್ಟರಿಗೆ ಫೋನ್ ಮಾಡ್ರಿ. ಇಲ್ಲಂದ್ರ ಅವರಿಗೇ ಕೊಟ್ಟಬಿಡ್ರಿ. ಅದು ನರಳೂದು ನನಗ ನೋಡ್ಲಿಕ್ಕೆ ಆಗೂದಿಲ್ಲ."

ಹುನಗುಂದದ ಪಶುವೈದ್ಯರಿಗೆ ಫೋನ್ ಹಚ್ಚಿದೆ. "ಬಾತುಕೋಳಿರಿ, ಕಾಲು ಬಾತದ" ಎಂದೆ. ಬಾತದ್ದು ಗೊತ್ತಾಯಿತು, ಯಾವ ಕೋಳಿ, ಜವಾರಿಯೋ ಫಾರ್ಮಿನದೋ ಎಂದು ಕೇಳಿದರು. ನಮ್ಮದು ಊರಿನದೇ ಅಲ್ಲವೇ, ಜವಾರಿ ಎಂದೆ. ವರ್ಷಗಟ್ಟಲೆ ಮಕ್ಕಳಿಗೆ ಸಮಾಸ ಉರು ಹೊಡೆಸಿದ ಕನ್ನಡ ಮಾಸ್ತರ ನಾನು. ಆ ಮನುಷ್ಯನ ಕಿವಿಗೆ ಬಿದ್ದದ್ದು ಬಾತುಕೋಳಿ ಅಲ್ಲ, ಬಾತ ಕೋಳಿ ಎಂದು ನನಗೆ ಹೊಳೆಯಲೇ ಇಲ್ಲ.

ಬೇರೆ ಇಡಿ, ಹಸಿ ತಾಗಿಸಬೇಡಿ, ಒಣ ಜೋಳ ಹಾಕಿ, ಬಟ್ಟಲಲ್ಲಿ ನೀರಿಡಿ ಎಂದರು. ಕೋಳಿಗೆ ಒಪ್ಪುವ ಮಾತು. ನಾನು ವೇದವಾಕ್ಯವೆಂದು ಪಾಲಿಸಿದೆ. ಬಚ್ಚಲ ಪಕ್ಕದ ಕೋಣೆಯಲ್ಲಿ ಗೋಣಿಚೀಲ ಹಾಸಿ ಅದನ್ನು ಒಂಟಿಯಾಗಿ ಕೂರಿಸಿದೆ. ತಲೆ ಮುಳುಗಿಸಲು ನೀರಿಲ್ಲದೆ ಬಾತುಕೋಳಿ ತಿನ್ನಲಾರದು. ಒಣ ಜೋಳ ಕೊಕ್ಕಿಗೆ ಅಂಟಿತು, ಮೂಗಿನ ತೂತು ಕಟ್ಟಿತು, ಕುತ್ತಿಗೆ ಬಾಗಿತು. ಔಷಧೋಪಚಾರ ಶುರುವಾದ ಮೇಲೆ ಅದು ನಿಜವಾಗಿ ಸಾಯತೊಡಗಿತು.

ಪಿ.ಟಿ. ಮಾಸ್ತರರು ಆ ಸಂಜೆ ಚೀಲ ತಂದಿದ್ದರು. ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು, ಸಭ್ಯರು. ನನಗೆ ಏನಾಯಿತೋ, ನಾಳೆ ರಜೆ ಹಾಕುತ್ತೇನೆ, ಮುಖ್ಯೋಪಾಧ್ಯಾಯರಿಗೆ ಹೇಳಿಬಿಡಿ ಎಂದು ಅವರನ್ನು ಸಾಗಹಾಕಿದೆ. ಬೆಳಗ್ಗೆ ಅದನ್ನು ಸಂತೆಯ ಚೀಲದಲ್ಲಿ ಕೂರಿಸಿ ಹುನಗುಂದದ ಬಸ್ಸು ಹತ್ತಿದೆ. ಪಕ್ಕದ ಸೀಟಿನವರು ಯಾವ ದೇವರಿಗೆ ಹರಕೆ ಎಂದು ಕೇಳಿದರು. ನನ್ನ ಹಣೆಯ ಗಂಧ ನೋಡಿಯೂ ಕೇಳಿದರು.

ವೈದ್ಯರು ಚೀಲದೊಳಗೆ ಬಗ್ಗಿ ನೋಡಿ ನನ್ನತ್ತ ತಿರುಗಿದರು.

"ಏನ್ರಿ ಮಾಸ್ತರ, ಇದು ಬಾತುಕೋಳಿ."

"ಅದನ್ನ ಹೇಳಿದ್ನಲ್ರಿ."

"ನೀವು ಬಾತ ಕೋಳಿ ಅಂದ್ರಿ."

ತಪ್ಪು ಕನ್ನಡ ಭಾಷೆಯದು ಎಂಬ ತೀರ್ಮಾನಕ್ಕೆ ಇಬ್ಬರೂ ಬಂದೆವು. ಅದು ಎದುರುತ್ತರ ಕೊಡುವುದಿಲ್ಲ. ಮೊದಲು ಬಕೆಟ್ಟಿನಲ್ಲಿ ನೀರು ತರಿಸಿದರು. ಬಾತುಕೋಳಿ ಕಣ್ಣಿನವರೆಗೆ ತಲೆ ಮುಳುಗಿಸಿ, ಮೂಗಿನಿಂದ ಗುಳ್ಳೆ ಬಿಟ್ಟು, ಕುಡಿದೇ ಕುಡಿಯಿತು. ಆಮೇಲೆ ಅವರು ಕಾಲನ್ನು ಬೆಳಕಿಗೆ ಹಿಡಿದರು. ಬೆರಳಿನ ಬುಡದಲ್ಲಿ, ಚರ್ಮದೊಳಗೆ ಹೂತು, ರೇಷ್ಮೆಯ ಎಳೆಯೊಂದು ಬಿಗಿದಿತ್ತು. ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಕಸದಲ್ಲಿ ನೂಲು ಬಿದ್ದೇ ಇರುತ್ತದೆ. ಹಿತ್ತಲಿಗೆ ಕಸ ಗುಡಿಸುವ ನಾನು ಕಾಲನ್ನು ಹತ್ತು ಸಲ ನೋಡಿದ್ದೆ, ಪ್ರತಿ ಸಲವೂ ಕನ್ನಡಕವಿಲ್ಲದೆ. ಎಳೆ ಕತ್ತರಿಸಿ, ಕೀವು ತೊಳೆದು, ಬೆರಳು ಉಳಿಯುವುದು ಅನುಮಾನ, ಜೀವ ಉಳಿಯಬಹುದು ಎಂದರು.

ಮನೆಯಲ್ಲಿ ಹೆಂಡತಿ ಬಟ್ಟೆ ತೊಳೆಯುವ ಟಬ್ಬನ್ನು ಬಿಟ್ಟುಕೊಟ್ಟಳು. ಬೆಳಗ್ಗೆ ಸಂಜೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅದರ ಕಾಲು ಹಿಡಿದು ಕೂರುವುದು ನನ್ನ ಕೆಲಸವಾಯಿತು. ಕೃತಜ್ಞತೆಯಿಂದ ಅದು ನನ್ನ ಮುಂಗೈ ಕಚ್ಚುತ್ತಿತ್ತು. ಬೆರಳು ಒಣಗಿ ಉದುರಿತು, ಕಾಲು ನೆಲಕ್ಕೆ ಊರಿತು. ಪಿ.ಟಿ. ಮಾಸ್ತರರು ಒಮ್ಮೆ ಬಂದು, ಅದು ಹಿತ್ತಲು ಸುತ್ತುವುದನ್ನು ನೋಡಿ, ಚಹಾ ಅರ್ಧಕ್ಕೇ ಬಿಟ್ಟು ಹೋದರು.

ವಿರಹದಿಂದ ಸೊರಗಿದೆ ಎಂದು ನಾವು ಮರುಗಿದ್ದ ಗಂಡು ಬಾತುಕೋಳಿ, ತನ್ನ ಹೆಂಡತಿ ಮರಳಿದ ಕೂಡಲೇ ಅವಳ ಕುತ್ತಿಗೆ ಕಚ್ಚಿ ಟಬ್ಬಿನಿಂದ ಹೊರಗಟ್ಟಿತು. ದಾಂಪತ್ಯದ ಬಗ್ಗೆ ಉಪನ್ಯಾಸ ಕೊಡುವವರು ನಮ್ಮ ಹಿತ್ತಲಿಗೆ ಬರಬೇಕು. ಈಗ ಶಾಲೆಗೆ ಹೊರಡುವ ಮುಂಚೆ ಅವಳ ಸ್ನಾನ ಮುಗಿಯುವವರೆಗೆ ನಾನು ಕೈಯಲ್ಲಿ ಕಸಬರಿಗೆ ಹಿಡಿದು ಕಾವಲು ನಿಲ್ಲುತ್ತೇನೆ. ಅವಳು ಅವಸರ ಮಾಡುವುದಿಲ್ಲ.