ಹೊಣೆ ಕೇಳಿದ್ದಕ್ಕೆ ಸಿಕ್ಕ ಓಣಿ

ಮೊನ್ನೆ ವಿಮಾನ ನಿಲ್ದಾಣದಲ್ಲಿ ಭದ್ರತಾ ಪೇದೆ ಪೀಂಗುಡುವ ಕೋಲನ್ನು ನನ್ನ ಬೆನ್ನಮೇಲೆ ಆಡಿಸುತ್ತಿದ್ದ. ಎರಡೂ ಕೈ ಚಾಚಿ ಬೆದರುಬೊಂಬೆಯಂತೆ ನಿಂತಿದ್ದ ನಾನು ಸುಮ್ಮನೆ ನಮ್ಮೂರು ಪಾಂಡವಪುರಕ್ಕೆ ಹೊರಟುಹೋದೆ. ದೇಹ ಅಲ್ಲೇ ಇತ್ತು. ಪರೀಕ್ಷೆಗೆ ಅಷ್ಟು ಸಾಕಲ್ಲವೆ?

ನೀವು ನಮ್ಮ ಕಡೆ ಬಂದಿದ್ದರೆ ಬಲ್ಲಿರಿ, ನಮ್ಮವರಿಗೂ ಹಕಾರಕ್ಕೂ ಜನ್ಮಾಂತರದ ವೈರ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಹಾಗೆಂದು ಹಸುವೇನೂ ಮುನಿಸಿಕೊಂಡದ್ದಿಲ್ಲ. ತೊಂಬತ್ತರ ದಶಕದ ಒಂದು ಚಳಿಗಾಲದವರೆಗೆ ಯಾರಿಗೂ ಇದರಿಂದ ನಷ್ಟವಾಗಿರಲಿಲ್ಲ.

ಪಕ್ಕದ ಮನೆಯ ನಿಂಗೇಗೌಡರ ಮಗ ಪುಟ್ಟರಾಜು ನನ್ನ ಸಹಪಾಠಿ. ಉತ್ತರದ ಯಾವುದೋ ವಿಮಾನ ನಿಲ್ದಾಣದಲ್ಲಿ ಪೇದೆಯಾಗಿದ್ದ. ಅವನು ಕಾಯುತ್ತಿದ್ದ ಬಾಗಿಲಲ್ಲಿ ಲೋಹ ಪತ್ತೆಹಚ್ಚುವ ಯಂತ್ರ ಕೆಟ್ಟಿತ್ತು. ಇವನು ಸಾಹೇಬರಿಗೆ ಹೇಳಿದ, ಅವರು ತಮ್ಮ ಸಾಹೇಬರಿಗೆ ಹೇಳಿದರು; ಮಾತು ದೆಹಲಿಯವರೆಗೂ ಏರಿ, ಆಯಾಸವಾಗಿ ಮಲಗಿಬಿಟ್ಟಿತು. ಒಂದು ದಿನ ಉಗ್ರರು ಅದೇ ಬಾಗಿಲಲ್ಲಿ ಪಿಸ್ತೂಲು ಸಾಗಿಸಿ ವಿಮಾನ ಅಪಹರಿಸಿದರು. ಪ್ರಯಾಣಿಕನೊಬ್ಬ ಜೀವಂತವಾಗಿ ಇಳಿಯಲಿಲ್ಲ. ಮಂತ್ರಿಗಳು ರೇಡಿಯೋದಲ್ಲಿ ವಿಷಾದಿಸಿ ಮಂತ್ರಿಗಳಾಗಿಯೇ ಉಳಿದರು. ಪುಟ್ಟರಾಜು ಅಮಾನತಾಗಿ ಟ್ರಂಕು ಹೊತ್ತು ಮನೆಗೆ ಬಂದ.

ಆ ದಿನಗಳು ಈಗ ಆಲೆಮನೆಯ ಹೊಗೆಯೊಳಗಿಂದ ಕಂಡಂತೆ ಕಾಣುತ್ತವೆ. ಸಂಜೆ ಇಬ್ಬರೂ ಕರಿಘಟ್ಟದ ಗುಡ್ಡದ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಕೆಳಗೆ ಲೋಕಪಾವನಿ ಯಾವ ಅವಸರವೂ ಇಲ್ಲದೆ ಕಾವೇರಿಗೆ ಸೇರುತ್ತಿತ್ತು.

"ಕೆಲ್ಸ ಓದ್ರೆ ಓಗ್ಲಿ ಕಣ್ಲಾ," ಎಂದ ಒಮ್ಮೆ. "ತಪ್ಪು ನಂದೊಬ್ಬುಂದೇ ಅಂದ್ಬುಟ್ರಲ್ಲ. ಅದೊಂದು ಮಾತು ವಾಪಸ್ ತಕ್ಕೊಂಡ್ರೆ ಸಾಕು."

ಅಷ್ಟರಲ್ಲಿ ಆಳುವ ಪಕ್ಷದ ಮುಖಂಡರೊಬ್ಬರು ಊರಿಗೆ ಭಾಷಣಕ್ಕೆ ಬಂದರು, ಹುಬ್ಬಳ್ಳಿ ಸೀಮೆಯವರು. ನಿಂಗೇಗೌಡರು ಟವೆಲ್ಲು ಕೊಡವಿ ಸಭೆಯ ನಡುವೆ ಎದ್ದು ನಿಂತರು.

"ಸ್ವಾಮಿ, ನನ್ ಮಗುನ್ನ ಮನೇಗ್ ಕಳ್ಸುದ್ರಿ. ಮೇಲ್ನೋರ್ದು ಏನೂ ಇಲ್ವಾ? ಒಣೆ ಯಾರ್ದು ಏಳ್ಬುಡಿ!"

ಧ್ವನಿವರ್ಧಕದ ಗದ್ದಲದಲ್ಲಿ ಮುಖಂಡರ ಕಿವಿಗೆ ಬಿದ್ದದ್ದು ಒಂದೇ ಪದ. "ಓಣಿ ಏನ್ರೀ ಯಜಮಾನ್ರ? ಆತು, ಸಿಮೆಂಟ್ ಹಾಕಸೋಣು!"

ಚಪ್ಪಾಳೆ.

"ಓಣಿ ಅಲ್ಲ ಕಣ್ ಸ್ವಾಮಿ, ಒಣೆ! ಒಣೆ!"

"ಎರಡೂ ಓಣಿ ಹಾಕಸೋಣು, ಕುಂದರ್ರಿ!"

ಪ್ರಜಾಪ್ರಭುತ್ವ ಮಾತಿಗೆ ತಪ್ಪಲಿಲ್ಲ. ಯುಗಾದಿಗೆ ಮುಂಚೆಯೇ ನಮ್ಮ ಬೀದಿ ಸಿಮೆಂಟು ಕಂಡಿತು. ಎಷ್ಟೋ ಕಾಲದ ಮೇಲೆ ಅಮಾನತೂ ತೆರವಾಯಿತು. ಆ ಮಾತನ್ನು ಮಾತ್ರ ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಪುಟ್ಟರಾಜು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಹಸು ಕಟ್ಟಿದ, ಡೈರಿಗೆ ಹಾಲು ಹಾಕಿದ.

"ಸಾರ್, ಆಯ್ತು, ಹೋಗಿ," ಎಂದ ಕೋಲು ಹಿಡಿದ ಪೇದೆ. ಒಳಗೆ ಹೋಗಿ ಕೂತವನೇ ಪುಟ್ಟರಾಜುವಿಗೆ ಫೋನು ಮಾಡಿದೆ. ವಿಮಾನ ಹತ್ತುತ್ತಿದ್ದೇನೆ ಎಂದೆ.

"ಸರ್ಯಾಗ್ ನೋಡುದ್ರಾ ಎಲ್ಲಾರ್ನೂವೆ?"

"ನೋಡಿದರಪ್ಪಾ."

"ಇಳುದ್ಮೇಲೆ ಒಂದ್ ಫೋನ್ ಮಾಡ್ಬುಡ್ಲಾ."

ಮನೆಯವರಿಗೂ ಹಾಗೆಲ್ಲ ವರದಿ ಒಪ್ಪಿಸುವ ಅಭ್ಯಾಸ ನನಗಿಲ್ಲ. ಆದರೂ ಚಕ್ರ ನೆಲಕ್ಕೆ ತಾಗಿದ್ದೇ ತಡ ಅವನಿಗೆ ಫೋನು ಮಾಡಿ, "ಇಳಿದೆ ಕಣ್ಲಾ," ಎಂದೆ.

ಅವನು ಉಸಿರು ಬಿಟ್ಟದ್ದು ಕೇಳಿಸಿತು.