ನೆರಳು ಉಳಿದುಕೊಂಡ ಮಧ್ಯಾಹ್ನ

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸ್‌ನಲ್ಲಿ ಭಾನುವಾರ ನಡೆಯುವ ಕನ್ನಡ ತರಗತಿಯಲ್ಲಿ ಕಾಗುಣಿತ ಬರೆಸುವುದು ಬಿಟ್ಟು ಬೇರೇನೂ ಇರಲಿಲ್ಲ. ಅರ್ಧ ಗಂಟೆ ವಿಜ್ಞಾನ ಹೇಳಿಕೊಡಲೇ ಎಂದು ನಾನೇ ಕೇಳಿದೆ. ತರಗತಿ ನಡೆಸುವವರು ಕಸ್ಟಮ್ಸ್‌ನಲ್ಲಿರುವ ಮೈಸೂರಿನ ಹಿರಿಯರು. "ಒಂದು ವಾರ ನೋಡೋಣ ಮೇಡಂ. ಮಕ್ಕಳು ಆಕಳಿಸಿದ್ರೆ ಮತ್ತೆ ಕಾಗುಣಿತಾನೇ," ಎಂದರು. ನಾನು ಯಾರನ್ನೂ ಏನನ್ನೂ ಕೇಳುವವಳಲ್ಲ. ಕೇಳಿದ ಮೇಲೆ ಸೋಲಲು ಮನಸ್ಸಿರಲಿಲ್ಲ.

ವಿಷು ಹಬ್ಬದ ಹಿಂದಿನ ಭಾನುವಾರವನ್ನು ಬೇಕೆಂದೇ ಆರಿಸಿಕೊಂಡೆ. ಏಪ್ರಿಲ್‌ನಲ್ಲಿ ಒಂದು ದಿನ ಸೂರ್ಯ ನೆತ್ತಿಯ ಮೇಲೆ ನೇರ ಬಂದು, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲವಾಗುತ್ತದೆ. ತಿರುವನಂತಪುರದಲ್ಲಿ ಎಂ.ಎಸ್ಸಿ. ಓದುವಾಗ ಎರಡು ವರ್ಷವೂ ಹಾಸ್ಟೆಲ್ ತಾರಸಿಯಲ್ಲಿ ಅದನ್ನು ನೋಡಿದ್ದೆ. ತಾರೀಖು ಬಾಯಿಪಾಠವಾಗಿತ್ತು.

ಸೂರ್ಯನೂ ಒಂದು ನಕ್ಷತ್ರ ಎಂದು ಶುರುಮಾಡಿದೆ. ಬ್ಯಾಂಕಿನವರೊಬ್ಬರ ಹತ್ತು ವರ್ಷದ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ, ಇಲ್ಲವೇ ಎರಡೂ ಬೆರೆಸಿ. "ನಕ್ಷತ್ರಂ ಚೆರುದಲ್ಲೇ ಚೇಚಿ?" ಎಂದಳು.

"ದೂರ ಇರೋದಕ್ಕೆ ಚಿಕ್ಕದಾಗಿ ಕಾಣುತ್ತೆ. ಇದು ನಮಗೆ ಹತ್ತಿರದ್ದು, ಅಷ್ಟೇ."

ತಾರಸಿಗೆ ಹೋದೆವು. ನೀರಿನ ಟ್ಯಾಂಕಿನ ಅಡಿಯಲ್ಲಿ ಎಲ್ಲರನ್ನೂ ಕೂರಿಸಿ, ಅಂಗೈ ಮಾತ್ರ ಬಿಸಿಲಿಗೆ ಚಾಚಿಸಿದೆ. ಈ ಬಿಸಿಯನ್ನು ಗಾಳಿ ಹೊತ್ತು ತಂದಿಲ್ಲ, ಏನೂ ಇಲ್ಲದ ಜಾಗವನ್ನು ದಾಟಿ ಎಂಟು ನಿಮಿಷದಲ್ಲಿ ತಾನೇ ಬಂದಿದೆ, ಇದೇ ವಿಕಿರಣ ಎಂದೆ.

"ಎಟ್ಟು ಮಿನಿಟ್ ಹಿಂದೆ ಹೊರಟ ಬಿಸಿಲಾ? ಅಯ್ಯೇ, ಪಳಯ ವೆಯಿಲ್!" ಎಂದಳು ಆ ಹುಡುಗಿ.

"ಹಳೇ ಬಿಸಿಲು, ಹಳೇ ಬಿಸಿಲು," ಎಂದು ಉಳಿದವರು ಕೂಗಿದರು. ಯಾರೂ ಆಕಳಿಸಲಿಲ್ಲ.

ಹನ್ನೆರಡು ಇಪ್ಪತ್ತೈದರ ಹೊತ್ತಿಗೆ ಆಳೆತ್ತರದ ಪಿವಿಸಿ ಪೈಪು ನಿಲ್ಲಿಸಿದೆವು. ನೆರಳು ಕುಗ್ಗುತ್ತಾ ಬಂದು, ಎರಡು ಬೆರಳಿನಗಲ ಉಳಿದು, ನಿಂತುಬಿಟ್ಟಿತು. ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟು ನೋಡಿದೆ. ಪೈಪು ನೆಟ್ಟಗೇ ಇತ್ತು.

"ನೆರಳಿಗೆ ಇನ್ನೂ ಕ್ಲಿಯರೆನ್ಸ್ ಸಿಕ್ಕಿಲ್ಲ ಅನ್ಸುತ್ತೆ," ಎಂದರು ಹಿರಿಯರು.

ಆಗ ಹೊಳೆಯಿತು. ನನಗೆ ಬಾಯಿಪಾಠವಾಗಿದ್ದುದು ತಿರುವನಂತಪುರದ ದಿನ. ಕೊಚ್ಚಿ ಅದಕ್ಕಿಂತ ಉತ್ತರಕ್ಕಿದೆ. ಸೂರ್ಯ ಇಲ್ಲಿಗೆ ಬರಲು ಇನ್ನೂ ನಾಲ್ಕು ದಿನ ಬೇಕು. ಮುಚ್ಚಿಡುವ ಯೋಚನೆಯೂ ಒಂದು ಕ್ಷಣ ಬಂತು. ಆದರೂ ಹೇಳಿಬಿಟ್ಟೆ: "ತಪ್ಪು ನನ್ನದು. ಇವತ್ತು ನೆರಳಿಲ್ಲದಿರೋದು ತಿರುವನಂತಪುರದಲ್ಲಿ, ಇಲ್ಲಲ್ಲ."

ಹಾಗಾದರೆ ಅಲ್ಲಿಗೇ ಫೋನ್ ಮಾಡು ಎಂದು ಹುಡುಗಿ ನನ್ನ ಫೋನನ್ನೇ ನನ್ನ ಕೈಗೆ ತುರುಕಿದಳು. "ಎನ್ನಾ ಅವಿಡೆ ವಿಳಿಕ್ಕ್ ಚೇಚಿ!"

ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಹುಬ್ಬಳ್ಳಿಯವಳು ಈಗ ತಿರುವನಂತಪುರದಲ್ಲೇ ಐಟಿ ಕೆಲಸದಲ್ಲಿದ್ದಾಳೆ. ವಿಡಿಯೊ ಕಾಲ್ ಮಾಡಿದಾಗ ಅಲ್ಲಿನ ಚಾಲೈ ಪೇಟೆ ಬೀದಿಯಲ್ಲಿ ಹಬ್ಬದ ಸಾಮಾನು ಕೊಳ್ಳುತ್ತಿದ್ದಳು.

"ಒಂದು ಕೋಲು ನೆಟ್ಟಗೆ ನಿಲ್ಲಿಸಿ ತೋರಿಸು, ಬೇಗ."

"ಇಷ್ಟ್ ಮಂದ್ಯಾಗ? ತಲಿ ನೆಟ್ಟಗ ಐತೇನವ್ವಾ ನಿಂದು?" ಎಂದು ಬೈಯುತ್ತಲೇ ಪಕ್ಕದ ಅಂಗಡಿಯಿಂದ ಮಾಪಿನ ಕೋಲು ಕೇಳಿ ತಂದು ರಸ್ತೆಯಲ್ಲಿ ನಿಲ್ಲಿಸಿದಳು. ಫೋನನ್ನು ಕೆಳಗೆ ಹಿಡಿದು ಕೋಲಿನ ಸುತ್ತ ತಿರುಗಿಸಿದಳು. ನೆಲ ಎಲ್ಲ ಕಡೆಯೂ ಒಂದೇ ಸಮ ಬೆಳ್ಳಗಿತ್ತು. ಅಂಗಡಿಯವನೂ ನೆರಳಿಗಾಗಿ ಬಗ್ಗಿ ನೋಡಿ, "ನಿಳಲಿಲ್ಲ!" ಎಂದ.

ತಾರಸಿಯ ಮೇಲೆ ಕಿರುಚಾಟವೋ ಕಿರುಚಾಟ. ಹುಡುಗಿ ಒಮ್ಮೆ ಫೋನನ್ನು, ಒಮ್ಮೆ ನಮ್ಮ ಪೈಪಿನ ನೆರಳನ್ನು ನೋಡಿದಳು. "ಸೂರ್ಯ ಒಂದೇ ಅಲ್ವಾ? ಅಪ್ಪೋಳ್ ಇಲ್ಲಿ ಯಾಕೆ ಇದೆ?"

ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ಗಾಳಿಯಲ್ಲಿ ಚೆಂಡಿನಂತೆ ಬಾಗಿತು. ನೆಲ ಬಾಗಿದೆ, ಅದೇ ಬಿಸಿಲು ಅಲ್ಲಿ ನೇರ, ಇಲ್ಲಿ ಒಂದಿಷ್ಟು ಓರೆ. ನನ್ನ ಲೆಕ್ಕ ಸರಿಯಾಗಿದ್ದರೆ ಇದನ್ನು ಅವಳಿಗೆ ತೋರಿಸಲು ನನಗೆ ಆಗುತ್ತಿರಲಿಲ್ಲ.

"ಹಾಗಾದ್ರೆ ಇಲ್ಲಿಗೆ ಯಾವತ್ತು?" ಹಿರಿಯರು ಕೇಳಿದರು.

"ಗುರುವಾರ ಸರ್."

"ಅರ್ಧ ದಿನ ರಜೆ ಹಾಕ್ತೀನಿ. ಭಾನುವಾರದ ಅರ್ಧ ಗಂಟೆ ಇನ್ಮೇಲೆ ನಿಮ್ಮದು. ಇವರು ಕಾಗುಣಿತಕ್ಕೆ ಹೀಗೆ ಯಾವತ್ತೂ ಕಿರುಚಿಲ್ಲ."

ನಾನು ಥ್ಯಾಂಕ್ಸ್ ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಹಿನ್ನೀರಿನಾಚೆಯ ಮಟ್ಟಾಂಚೇರಿಗೂ ಗುರುವಾರವೇ ನೆರಳು ಹೋಗುತ್ತದೋ, ಅದಕ್ಕೆ ಬೇರೆ ದಿನವೋ ಎಂದು ಮಕ್ಕಳು ಎರಡು ಭಾಷೆಯಲ್ಲಿ ಜಗಳಕ್ಕಿಳಿದಿದ್ದರು.