ಕೆಮ್ಮಣ್ಣ ಬರೆಯದ ಪದ

ಕೋರ್ಟಿನ ನೋಟಿಸು ಮುಟ್ಟಿಸುವವನಿಗೆ ಹೆತ್ತವರಿಟ್ಟ ಹೆಸರು ಬೇರೆಯಿತ್ತು. ಬೀದಿಗೆಲ್ಲ ಅವನು ಕೆಮ್ಮಣ್ಣ. ಯಾರ ಬಾಗಿಲಿಗೆ ಹೋದರೂ ಮೊದಲು ಒಮ್ಮೆ ಕೆಮ್ಮಿ, ಆಮೇಲೆ ತಟ್ಟುವುದು ಅವನ ಪದ್ಧತಿ. ಕೆಟ್ಟ ಸುದ್ದಿಯಾದರೂ ಹೇಳದೆ ಕೇಳದೆ ಒಳಗೆ ನುಗ್ಗಬಾರದು ಅನ್ನುತ್ತಿದ್ದ. ಆ ಕೆಮ್ಮು ಕೇಳಿದರೆ ಸಾಕು, ಇವತ್ತು ಯಾರ ಸರದಿಯೋ ಎಂದು ಜನ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದರು.

ಮಹಡಿಯ ಮನೆಯಲ್ಲಿ ಬಟ್ಟೆ ಹೊಲಿಯುವವಳೊಬ್ಬಳು ಹಾಸಿಗೆ ಹಿಡಿದ ಅತ್ತೆಯೊಂದಿಗೆ ಬಾಡಿಗೆಗಿದ್ದಳು. ಬಾಡಿಗೆ ತಪ್ಪಿಸಿದವಳಲ್ಲ. ಸಾಲ ತೀರಿಸದೆ ಮನೆಯನ್ನು ಬ್ಯಾಂಕಿನ ಪಾಲು ಮಾಡಿದವನು ಮಾಲೀಕ. ಹೋಗುವಾಗ ಆ ಪುಣ್ಯಾತ್ಮ, ಮಹಡಿ ಖಾಲಿಯಿದೆ ಎಂದು ಬ್ಯಾಂಕಿಗೆ ಹೇಳಿ ಹೋಗಿದ್ದ. ಇವಳಿಗೆ ಅದರ ಗಾಳಿಯೂ ಸೋಕಿರಲಿಲ್ಲ.

ಒಂದು ಬೆಳಿಗ್ಗೆ ಅಂಗಿಯ ಗುಂಡಿ ಕೊಂಡು ಮೆಟ್ಟಿಲು ಹತ್ತುತ್ತಿದ್ದವಳು, ತನ್ನ ಬಾಗಿಲ ಮುಂದೆ ಬ್ಯಾಂಕಿನವನನ್ನೂ ಹೊಸ ಬೀಗ ಹಿಡಿದ ರಿಪೇರಿಯವನನ್ನೂ ಕೆಮ್ಮಣ್ಣನನ್ನೂ ಕಂಡಳು. ಒಳಗೆ ಅತ್ತೆ ಇದ್ದಾರೆ ಎಂದು ಕೂಗಬೇಕು. ಅಷ್ಟರಲ್ಲಿ ಮೇಲೆ ಮಾತು ಶುರುವಾಯಿತು.

ಬ್ಯಾಂಕಿನವನಿಗೆ ಅವಸರ. ಖಾಲಿ ಅಂತ ಬರೆದು ನೋಟಿಸು ಅಂಟಿಸಿ, ಬೀಗ ಹಾಕಿಸೋಣ ಎಂದ. ಕೆಮ್ಮಣ್ಣ ಎಂದಿನಂತೆ ಒಮ್ಮೆ ಕೆಮ್ಮಿದ.

ಒಳಗಿನಿಂದ ಅತ್ತೆ ತಿರುಗಿ ಕೆಮ್ಮಿದಳು.

ಕೆಮ್ಮಣ್ಣ ಪೆನ್ನಿಗೆ ಮುಚ್ಚಳ ಹಾಕಿದ. "ಖಾಲಿ ಮನೆ ಕೆಮ್ಮಲ್ಲ ಸಾರ್."

"ಬೆಕ್ಕಿರಬೇಕು ಕಣ್ರೀ."

"ಅಂಗಿ ಇನ್ನೂ ಆಗಿಲ್ಲಪ್ಪಾ, ಸಾಯಂಕಾಲ ಬಾ," ಎಂದಿತು ಒಳಗಿನ ದನಿ.

"ನೋಡಿ, ನಿಮ್ಮ ಬೆಕ್ಕು ಅಂಗಿ ಬೇರೆ ಹೊಲಿಯುತ್ತೆ," ಎಂದ ಕೆಮ್ಮಣ್ಣ. ಬೀಗದವನು ನಗು ತಡೆಯಲಾರದೆ ಗೋಡೆಗೆ ತಿರುಗಿದ.

ಕೆಮ್ಮಣ್ಣ ಮತ್ತೆ ಪೆನ್ನು ತೆಗೆದು ಬರೆದ: 'ಬಾಡಿಗೆಯವರು ವಾಸವಿದ್ದಾರೆ.' ಮಾಲೀಕನಿಗೆ ಕೊಟ್ಟ ನೋಟಿಸು ಅವಳಿಗೆ ಸಲ್ಲದು, ಅವಳ ಹೆಸರಿಗೇ ಬೇರೆ ಬರಬೇಕು, ಮನೆ ಹುಡುಕಲು ಸಮಯ ಕೊಡಬೇಕು, ಅಲ್ಲಿಯವರೆಗೆ ಬೀಗದ ಮಾತಿಲ್ಲ ಎಂದು ಬ್ಯಾಂಕಿನವನಿಗೂ ಮೆಟ್ಟಿಲಲ್ಲಿದ್ದ ಅವಳಿಗೂ ತಿಳಿಯುವಂತೆ ಹೇಳಿದ. ಬಂದ ಬೀಗ ಬಂದ ದಾರಿಗೆ ಸುಂಕವಿಲ್ಲವೆಂದು ಇಳಿದು ಹೋಯಿತು. ಅವಳು ಗುಂಡಿಯ ಪೊಟ್ಟಣ ಎದೆಗೊತ್ತಿಕೊಂಡು ಆ ಕಾಗದವನ್ನೇ ನೋಡುತ್ತ ನಿಂತಳು. ದಿನವೂ ಬಾಯಲ್ಲಿ ಆಡುವ ಮಾತು, ವಾಸ. ಅದಕ್ಕೆ ಇಷ್ಟು ಕಸುವಿದೆಯೆಂದು ಅವಳಿಗೆ ಯಾರು ಹೇಳಿದ್ದರು!

ಆಮೇಲೆ ಅವಳ ಹೆಸರಿನ ನೋಟಿಸು ಬಂತು, ಕೆಮ್ಮಿನ ಜೊತೆಗೇ. ಕೊಟ್ಟ ಗಡುವಿನೊಳಗೆ, ಅತ್ತೆಗೆ ಮೆಟ್ಟಿಲಿಲ್ಲದ ಕೆಳಮನೆಯೊಂದು ಸಿಕ್ಕಿತು. ಬಿಟ್ಟು ಹೋಗುವ ದಿನ ಗುಡಿಸಿ, ಒರೆಸಿ, ಬೀಗದ ಕೈಯನ್ನು ಕೆಮ್ಮಣ್ಣನಿಗೆ ತಾನೇ ಕೊಟ್ಟಳು.

ಅವನು ತೆರೆದ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದ. ಕಿವಿಗೊಟ್ಟು ಕಾದ. ಬರಿಗೋಡೆಗಳು ಅವನ ಕೆಮ್ಮನ್ನೇ ಮರಳಿಸಿದವು.

ಆಗ ಬರೆದ, ಖಾಲಿ ಎಂದು.